ಕಾಕಾನ ಬೆನ್ನು, ಹದಿನೇಳು ಪ್ರಶ್ನೆ

ನಮ್ಮ ಕಾಕಾನಿಗೆ ಗೊತ್ತಿಲ್ಲದ ವಿಷಯ ಹುಕ್ಕೇರಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಚಿಂತೆಯಿಲ್ಲ, ಕಾಕಾ ನಂಬಿದ್ದಾನೆ! ಹಿಡಕಲ್ ಕಾಲುವೆಯಲ್ಲಿ ಮೂವತ್ತು ವರ್ಷ ನೀರು ಹರಿಸಿ ನಿವೃತ್ತನಾದವನು, ಈಗ ಬೆಲ್ಲದ ಬಾಗೇವಾಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕುಳಿತು ಊರಿಗೆಲ್ಲ ಸಲಹೆ ಹರಿಸುತ್ತಾನೆ.

ಇಂಥವನ ಸೊಂಟ ಹಿಡಿಯಿತು. ನೋವು ಎಡಗಾಲಿನ ಹಿಮ್ಮಡಿಯವರೆಗೆ ಇಳಿಯಿತು. ಗುಳಿಗೆಗೆ ಬಗ್ಗದಾಗ ಗೋಕಾಕದ ಡಾಕ್ಟರು ಎಂಆರ್‌ಐಗೆ ಬರೆದುಕೊಟ್ಟರು.

ಅಲುಗಾಡಬೇಡಿ ಎಂದು ಹೇಳಿ ಕಾಕಾನನ್ನು ಯಂತ್ರದೊಳಗೆ ಸರಿಸಿದರು. ಟಕ್ ಟಕ್ ಸದ್ದು ಶುರುವಾಗಿದ್ದೇ ತಡ, ಹೊರಗೆ ಕುಳಿತ ನನಗೂ ಕೇಳುವಂತೆ ಗರ್ಜನೆ: "ಯಾರ್ರೀ ಅದು ಬಾಗಲಾ ಬಡಿಯವ್ರು? ಒಳಗ ಮಂದಿ ಅದಾರ!"

ಮತ್ತೆ ಮೊದಲಿನಿಂದ ಶುರು!

ರಿಪೋರ್ಟು ಸಿಕ್ಕಿತು. ಆದರೆ ಡಾಕ್ಟರು ಸಿಗುವುದು ಎರಡು ದಿನ ಬಿಟ್ಟು. ಅಲ್ಲಿಯವರೆಗೆ ಕಾಕಾ ಸುಮ್ಮನಿರುವುದುಂಟೇ? ಬಸ್ಸಿನಲ್ಲೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಪಕ್ಕದವರಿಗೆ ಪಾಠ ಹೇಳತೊಡಗಿದ. "ಇದ ನೋಡ್ರಿ ಕುತಗಿ. ಇಲ್ಲೇ ಎಲುವು ಸವದೈತಿ."

ಕಂಡಕ್ಟರ್ ಟಿಕೆಟ್ ಕೊಡುತ್ತ ಹೇಳಿದ: "ಯಜಮಾನ್ರ, ತಿರವಿ ಹಿಡೀರಿ. ನಿಮ್ಮ ಹೆಸರು ತಲಿಕೆಳಗ ಕಾಣಾಕತ್ತೈತಿ."

ಮನೆಗೆ ಬಂದವನೇ ಇಂಗ್ಲಿಷ್ ರಿಪೋರ್ಟು ಹಿಡಿದು ಕುಳಿತ. 'ಡೀಜನರೇಟಿವ್' ಎಂಬಲ್ಲಿ ಬೆರಳಿಟ್ಟು, "ಜನರೇಟರ್ ಹೋತಲೇ ನಂದು!" ಎಂದ. 'ಡಿಸ್ಕ್ ಬಲ್ಜ್' ಎಂದರೆ ಡಿಸ್ಕ್ ಉಬ್ಬಿದೆ ಎಂದು ನಾನು ಬಿಡಿಸಿ ಹೇಳಿದ್ದೇ ತಪ್ಪಾಯಿತು. "ಉಬ್ಬಿದ ಒಡ್ಡು ನಿಲ್ಲೂದಿಲ್ಲೋ. ಕಾಲುವಿ ಮ್ಯಾಲ ಎಷ್ಟ ನೋಡೇನಿ!" ಮೂಡಲಗಿಯ ಬೀಗರು ಫೋನಿನಲ್ಲಿ "ಆಪರೇಶನ್ನ ಗತಿ" ಎಂದ ಮೇಲಂತೂ ಊಟವೂ ಸೇರಲಿಲ್ಲ.

ಮೂರನೆಯ ದಿನ ಹದಿನೇಳು ಪ್ರಶ್ನೆ ಬರೆದುಕೊಂಡು, ನನ್ನನ್ನೂ ಕರೆದುಕೊಂಡು ಗೋಕಾಕಕ್ಕೆ ಹೊರಟ. ಡಾಕ್ಟರು ಫಿಲ್ಮ್ ನೋಡಿ ಬದಿಗಿಟ್ಟು, ಕಾಕಾನನ್ನು ಹಿಮ್ಮಡಿಯ ಮೇಲೆ ನಡೆಸಿದರು, ಮಲಗಿಸಿ ಕಾಲೆತ್ತಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದರು.

"ತಲಿ ಬೆಳ್ಳಗಾದಂಗ ಡಿಸ್ಕೂ ಸವೀತಾವ್ರಿ. ನೋವು ಇಲ್ಲದವ್ರ ಫಿಲ್ಮಿನ್ಯಾಗೂ ಹಿಂಗ ಕಾಣತೈತಿ. ನಿಮ್ಮದು ಒಂದು ನರಕ್ಕ ತಾಗೇತಿ, ಅದಕ್ಕ ಕಾಲು ಸೆಳೀತೈತಿ. ಕಾಲಿನ ಶಕ್ತಿ ಚಲೋ ಐತಿ, ಸದ್ಯ ಆಪರೇಶನ್ ಬ್ಯಾಡ. ಆದ್ರ ಕಾಲು ಸೋತ್ರ, ಇಲ್ಲಾ ಉಚ್ಚಿ ಕಟ್ಟಿದ್ರ ಓಡಿ ಬರ್ರಿ."

"ಕಾಲು ಸೋತ ಮ್ಯಾಲ ಓಡೂದು ಹೆಂಗ್ರಿ?"

ಡಾಕ್ಟರು ನಕ್ಕುಬಿಟ್ಟರು. ಹದಿನಾರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿತು. ಕಾಕಾ ಚೀಟಿ ಮಡಚಿದ. "ಚೀಟ್ಯಾಗ ಇನ್ನೊಂದು ಉಳೀತಲ್ರಿ?" ಎಂದರು ಡಾಕ್ಟರು.

ಕಾಕಾ ನೆಲ ನೋಡಿದ. "ನಮ್ಮಾಕಿಗೆ ಲಕ್ವಾ ಹೊಡದೈತ್ರಿ. ದಿನಾ ನಾನ ಎತ್ತಿ ಕುಂಡ್ರಸ್ತೇನಿ. ಬ್ಯಾರೆಯವ್ರು ಮುಟ್ಟಿದ್ರ ಆಕಿಗೆ ನಾಚಿಕಿ. ಅದೊಂದು ಬ್ಯಾಡ ಅನಬ್ಯಾಡ್ರಿ."

ಪಕ್ಕದ ಮನೆಯಲ್ಲೇ ಇದ್ದ ನಾನು ಒಂದು ದಿನವೂ ಕೇಳಿರಲಿಲ್ಲ, ಕಾಕಿಯನ್ನು ಎತ್ತುವವರು ಯಾರು ಎಂದು.

ಡಾಕ್ಟರು ಎದ್ದು ಬಂದು, ಒಬ್ಬನೇ ಎತ್ತಬಾರದು ಎಂದು ಹೇಳಿ, ಇಬ್ಬರು ಸೇರಿ ಮೊಣಕಾಲು ಮಡಚಿ ಹೇಗೆ ಎತ್ತಬೇಕೆಂದು ಮಾಡಿ ತೋರಿಸಿದರು.

ಮರುದಿನ ಬೆಳಿಗ್ಗೆ ಕಾಕಿಯ ಒಂದು ಬದಿಗೆ ನಾನು ನಿಂತೆ. "ನನ್ನ ಎತ್ತಿ ಆಡಿಸಿದಾಕಿ ನೀ, ನನ್ನ ಮುಂದ ಏನ್ ನಾಚಿಕಿ?" ಎಂದೆ. ಮೆಲ್ಲಗೆ ಎತ್ತಿ ಕೂರಿಸಿದೆವು. ಆಕೆ ಕಾಕಾನ ಹೆಗಲ ಮೇಲಿನ ಕೈ ತೆಗೆಯದೆ ಕೇಳಿದಳು: "ಡಾಕ್ಟರು ಏನಂದ್ರು?"

ಕಾಕಾ ಸೆರಗು ಸರಿಮಾಡುತ್ತ ಹೇಳಿದ:

"ನಿನ್ನ ಕೈ ಬಿಡಬ್ಯಾಡ ಅಂದಾರ."