ನಮ್ಮಾಕಿ ಅನ್ನಾಕತ್ತಾಳ

ನನ್ನ ಗೆಳತಿಗೆ ಒಂದು ಚಟ. ನಾನು ಅವಳ ಕಿವಿಯಲ್ಲಿ ಏನಾದರೂ ಪಿಸುಗುಟ್ಟಿದೆನೋ, ಆ ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡು, "ನಮ್ಮಾಕಿ ಅನ್ನಾಕತ್ತಾಳ..." ಎಂದು ಶುರು ಮಾಡಿ, ಎಲ್ಲವನ್ನೂ ಊರಿಗೇ ಕೇಳುವಂತೆ ಸಾರಿಬಿಡುತ್ತಾಳೆ. ಹೇಳಬಹುದಾದದ್ದು, ಹೇಳಬಾರದ್ದು ಎಂಬ ಭೇದವಿಲ್ಲ.

ತಪ್ಪು ನನ್ನದೂ ಇದೆ. ಇಂಡಿಯಲ್ಲಿ ನಾವಿಬ್ಬರೂ ಒಂದೇ ಓಣಿ, ಒಂದೇ ಇಂಗ್ಲಿಷ್ ಮೀಡಿಯಂ ಸಾಲಿ. ಸಾಲಿಯಲ್ಲಿ ಕನ್ನಡ ಮಾತಾಡಿದರೆ ಟೀಚರ್ ಬೈಯುತ್ತಿದ್ದರು, ಓಣಿಯಲ್ಲಿ ಇಂಗ್ಲಿಷ್ ಮಾತಾಡಿದರೆ ಎಲ್ಲರೂ ನಗುತ್ತಿದ್ದರು. ಎರಡಕ್ಕೂ ಹೆದರಿ ನಾನು ಪಿಸುಮಾತು ಕಲಿತೆ. ಅವಳು ಎರಡೂ ಭಾಷೆಯಲ್ಲಿ ಜಗಳ ಕಲಿತಳು. ಹೀಗಾಗಿ ನಾನು ಬಾಯಿ ಬಿಡದೆಯೇ ನನ್ನ ಮಾನ ಹೋದ ಪ್ರಸಂಗಗಳು ಒಂದೆರಡಲ್ಲ. ಆದರೂ ಅವಳಿಗೆ ಮುದ್ದೇಬಿಹಾಳದ ಗಂಡು ಗೊತ್ತಾದಾಗ ನನಗೆ ಚಿಂತೆ ಹತ್ತಿತು. ಇನ್ನು ಮುಂದೆ ನನ್ನ ಪರವಾಗಿ ಮಾತಾಡುವವರು ಯಾರು?

ಮೀಸೆ

ಸಿಂದಗಿಯ ಕಾಲೇಜಿಗೆ ನಾವು ಹೋಗುತ್ತಿದ್ದ ಬಸ್ಸಿನ ಕಂಡಕ್ಟರ್ ಕಾಕಾನಿಗೆ ಭಾರೀ ಮೀಸೆ. ಎರಡೂ ತುದಿ ಮೇಲಕ್ಕೆ ಹುರಿ ಮಾಡಿದ್ದ. ಒಂದು ದಿನ ತಡೆಯಲಾರದೆ ಗೆಳತಿಯ ಕಿವಿಯಲ್ಲಿ, "ಕಾಕಾನ ಮೀಸಿ ನೋಡು, ಗಡಿಯಾರದ ಮುಳ್ಳಿನಂಗ ಹತ್ತೂ ಹತ್ತು ಆಗೇತಿ" ಅಂದೆ.

ಕೂದಲು ಕಿವಿಯ ಹಿಂದೆ ಹೋಯಿತು.

"ಕಾಕಾ, ನಮ್ಮಾಕಿ ಅನ್ನಾಕತ್ತಾಳ, ನಿಮ್ಮ ಮೀಸಿ ಹತ್ತೂ ಹತ್ತು ಆಗೇತಂತ!"

ಇಡೀ ಬಸ್ಸು ತಿರುಗಿ ಕಾಕಾನ ಮುಖ ನೋಡಿತು. ಡ್ರೈವರ್ ಸಹ ಕನ್ನಡಿಯಲ್ಲಿ ನೋಡಿದ. ಕಾಕಾ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಪಾಪ, ಮರುದಿನ ಮೀಸೆಯ ಹುರಿ ಬಿಚ್ಚಿ, ತುದಿ ಎರಡನ್ನೂ ಕೆಳಗೆ ಇಳಿಬಿಟ್ಟುಕೊಂಡು ಬಂದಿದ್ದ. ನಾನು ಕಿಟಕಿಯ ಹೊರಗೆ ನೋಡುತ್ತ ಗಪ್ಪಗೆ ಕೂತಿದ್ದೆ, ದೇವರಾಣೆಗೂ ತುಟಿ ಬಿಚ್ಚಿರಲಿಲ್ಲ.

"ಕಾಕಾ," ಎಂದಳು ಗೆಳತಿ, "ನಮ್ಮಾಕಿ ಅನ್ನಾಕತ್ತಾಳ, ಇವತ್ತ ಎಂಟೂ ಇಪ್ಪತ್ತಂತ!"

ಸಾಕು

ಆಲಮೇಲದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನನ್ನು ಒಬ್ಬಳನ್ನೇ ಕೂರಿಸಿ ಗೆಳತಿ ಫೋಟೋ ತೆಗೆಸಿಕೊಳ್ಳಲು ಹೋದಳು. ಬಡಿಸುವವನು ನನ್ನ ಎಲೆಗೆ ಒಂದು ಹೋಳಿಗೆ ಹಾಕಿದ. "ಸಾಕ್ರಿ" ಅಂದೆ. ನನ್ನ ದನಿಯಲ್ಲಿ ಅದು ಅವನಿಗೆ "ಹಾಕ್ರಿ" ಅಂತ ಕೇಳಿಸಿತು. ಇನ್ನೊಂದು ಹಾಕಿದ. "ಸಾಕ್ರಿ, ಸಾಕ್ರಿ" ಅಂದೆ. ಎರಡು ಸಲ ಅಂದದ್ದಕ್ಕೆ ಎರಡು ಬಿದ್ದವು. ತುಪ್ಪದವನೂ ಬಂದ. ಅವನಿಗೂ ಅದನ್ನೇ ಅಂದೆ.

ಎದುರಿಗೆ ಕೂತ ಮುದುಕಿ ಕಣ್ಣರಳಿಸಿ, "ಹಾಕಪಾ ಹಾಕು, ಹುಡುಗಿ ಬಾಯಿಬಿಟ್ಟು ಕೇಳಾಕತ್ತೈತಿ, ಕೈ ಯಾಕ ಹಿಡಿತಿ?" ಅಂದಳು.

ಗೆಳತಿ ಓಡಿ ಬರುವಷ್ಟರಲ್ಲಿ ಎಲೆಯ ಮೇಲೆ ಏಳು ಹೋಳಿಗೆ, ಅವುಗಳ ಸುತ್ತ ತುಪ್ಪದ ಕೆರೆ.

"ಅಣ್ಣಾ, ನಮ್ಮಾಕಿ ಅನ್ನಾಕತ್ತಾಳ, ಸಾಕಂತ!"

"ಈಗ ಸಾಕಾತೇನ್ರಿ?" ಎಂದ ಅವನು, ಖಾಲಿ ಬುಟ್ಟಿ ತೋರಿಸುತ್ತ. "ಪುಣ್ಯಾ ಬಂತು!"

ಸಾಕ್ಸು

ಗೆಳತಿಯನ್ನು ನೋಡಲು ಮುದ್ದೇಬಿಹಾಳದವರು ಬಂದ ದಿನ ಅವಳ ಅವ್ವ ನನ್ನನ್ನು ಅಡುಗೆಮನೆಗೆ ಕರೆದು, "ಯವ್ವಾ, ನಿನ್ನ ಕೈ ಮುಗಿತೇನಿ, ಇವತ್ತೊಂದಿನ ಆಕಿ ಕಿವ್ಯಾಗ ಏನೂ ಹೇಳಬ್ಯಾಡ" ಎಂದಿದ್ದಳು. ನಾನೂ ಒಪ್ಪಿದ್ದೆ.

ಗೆಳತಿ ತಲೆ ತಗ್ಗಿಸಿ ಕೂತಿದ್ದಳು. ನಾನು ಪಕ್ಕದಲ್ಲಿ. ಹುಡುಗ ಎದುರಿಗೆ. ಮುಖ ನೋಡಲು ನಾಚಿಕೆಯಾಗಿ ನಾನು ಅವನ ಕಾಲು ನೋಡಿದೆ. ಬಲಗಾಲಿನ ಸಾಕ್ಸಿನಿಂದ ಹೆಬ್ಬೆರಳು ಹೊರಗೆ ಬಂದು ನಮ್ಮನ್ನೆಲ್ಲ ನೋಡುತ್ತಿತ್ತು. ಎಷ್ಟಂತ ತಡೆಯಲಿ? ಬಾಯಿ ತಾನಾಗಿಯೇ ಗೆಳತಿಯ ಕಿವಿಗೆ ಹೋಯಿತು. ಅವಳ ಕೈ ತಾನಾಗಿಯೇ ಕೂದಲಿಗೆ ಹೋಯಿತು.

"ನಮ್ಮಾಕಿ ಅನ್ನಾಕತ್ತಾಳ, ಹುಡುಗನಕಿಂತ ಮೊದಲ ಹುಡುಗನ ಹೆಬ್ಬಟ್ಟು ಕನ್ಯಾ ನೋಡಾಕ ಬಂದೈತಂತ."

ಹೇಳಿ ಮುಗಿದ ಮೇಲೆ ಅವಳಿಗೇ ಎಚ್ಚರವಾಯಿತು. ಒಳಗಿನಿಂದ ಅವ್ವ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಸಂಬಂಧ ಮುರಿದುಬಿತ್ತು, ಅದೂ ನನ್ನಿಂದ, ಅಂದುಕೊಂಡೆ.

ಹುಡುಗ ತನ್ನ ಕಾಲು ನೋಡಿಕೊಂಡ. ಆಮೇಲೆ ಮೆಲ್ಲಗೆ ಎಡಗಾಲನ್ನೂ ಮುಂದೆ ಚಾಚಿದ. ಅಲ್ಲಿ ಎರಡು ಬೆರಳು.

"ಇವ್ರೂ ಬಂದಾರ್ರಿ," ಎಂದ. "ಎಲ್ಲಾರಿಗೂ ಹುಡುಗಿ ಒಪ್ಪಿಗಿ ಆಗ್ಯಾಳ."

ಒಡಪು

ಮದುವೆ ಇಂಡಿಯಲ್ಲೇ ಆಯಿತು. ಗೆಳತಿ ತನ್ನ ಮದುವೆಯಲ್ಲಿ ತಾನೇ ಎಲ್ಲರನ್ನೂ ಊಟಕ್ಕೆ ಕೂಗಿ ಕರೆದಳು, ಫೋಟೋದವನ ಜೊತೆ ಜಗಳವಾಡಿದಳು, ಹೊರಡುವಾಗ ದೊಡ್ಡ ದನಿ ತೆಗೆದು ಅತ್ತಳು. ಮದುಮಗಳ ಜೊತೆಗೆಂದು ನನ್ನನ್ನೂ ಕಳಿಸಿದರು. ಗಾಡಿ ಬಸವನ ಬಾಗೇವಾಡಿ ದಾಟುವಷ್ಟರಲ್ಲಿ ಅವಳ ಗಂಟಲು ಪೂರ್ತಿ ಕಟ್ಟಿತ್ತು. ಬಾಯಿ ತೆರೆದರೆ ಬರೀ ಗಾಳಿ.

ಮುದ್ದೇಬಿಹಾಳದ ಮನೆಯ ಬಾಗಿಲಲ್ಲಿ ಹುಡುಗನ ಅಕ್ಕ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು. ಹಿಂದೆ ಓಣಿಯ ಹೆಂಗಸರೆಲ್ಲ. "ಗಂಡನ ಹೆಸರು ಪ್ರಾಸದಾಗ ಕೂಡಿಸಿ ಒಡಪು ಹೇಳು, ಒಳಗ ಬಾ. ಇಲ್ಲಂದ್ರ ಹೊರಗ ನಿಂದ್ರು!"

ಗೆಳತಿ ಬಾಯಿ ತೆರೆದಳು. ಗಾಳಿ ಬಂತು.

"ಜೋರಾಗಿ!" ಎಂದರು ಎಲ್ಲರೂ. "ಬಾಳ ಮಾತಿನಾಕಿ ಅಂದಿದ್ರಲ್ಲ, ಈಕಿ ಮೂಕಿ ಅದಾಳೇನು?"

ಗೆಳತಿಯ ಕಣ್ಣು ತುಂಬಿತು. ಆಗ ಹುಟ್ಟಿದಾಗಿನಿಂದ ಆಗದ್ದು ಆಯಿತು: ಅವಳು ನನ್ನ ಕಡೆ ಬಾಗಿ, ನನ್ನ ಕಿವಿಯಲ್ಲಿ ಒಡಪನ್ನು ಪಿಸುಗುಟ್ಟಿದಳು. ಇಷ್ಟು ವರ್ಷ ನನ್ನ ದನಿಯಾದವಳಿಗೆ ಒಂದು ಸಲವಾದರೂ ನಾನು ದನಿಯಾಗಬೇಡವೇ? ಕೂದಲನ್ನು ಕಿವಿಯ ಹಿಂದೆ ಸರಿಸಿದೆ. ಗಂಟಲು ಸರಿಮಾಡಿಕೊಂಡೆ. ಓಣಿಯ ಆ ತುದಿಗೆ ಕೇಳುವಂತೆ ಹೇಳಿಯೇ ಬಿಟ್ಟೆ:

"ಬಿಸಿ ರೊಟ್ಟಿಗಿ ಎಣ್ಣಿಗಾಯಿ, ಖಡಕ್ ರೊಟ್ಟಿಗಿ ಮೊಸರ,
ನನ್ನ ಕೈ ಹಿಡದ ರಾಯರದು ಸಂಗಮೇಶ ಅಂತ ಹೆಸರ!"

ಎಲ್ಲರೂ ನನ್ನನ್ನೇ ನೋಡಿದರು. ಎಲ್ಲಕ್ಕಿಂತ ಮೊದಲು ಹೇಳಬೇಕಾದ "ನಮ್ಮಾಕಿ ಅನ್ನಾಕತ್ತಾಳ" ಎಂಬುದನ್ನೇ ನಾನು ಮರೆತಿದ್ದೆ.

ಹುಡುಗನ ಅಜ್ಜಿ ಚಸ್ಮಾ ಸರಿಮಾಡಿಕೊಂಡು ನನ್ನನ್ನು ನೋಡಿದಳು, ಗೆಳತಿಯನ್ನು ನೋಡಿದಳು, ಮೊಮ್ಮಗನ ಕಡೆ ತಿರುಗಿದಳು. "ಏನೋ ಸಂಗ್ಯಾ, ಒಂದು ತರ್ತೇನಿ ಅಂತ ಹೋಗಿ ಎರಡು ತಂದೀಯೇನು?"

"ಇಲ್ಲಬೇ ಅಜ್ಜಿ, ಒಂದ! ಈಕಿ ಒಬ್ಬಾಕಿನ!"

"ಮತ್ತ ಹೆಸರು ಆಕಿ ಹೇಳಿದ್ಲು?"

"ನಮ್ಮಾಕಿ ಅನ್ನಾಕತ್ತಾಳ್ರಿ!" ಎಂದು ನಾನು ಚೀರಿದೆ. "ನಮ್ಮಾಕಿ! ನಾ ಅಲ್ರಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಡ್ಡ ನಿಂತ ಅಕ್ಕ ನಗುತ್ತ ಗೋಡೆಗೆ ಆತು ಕೂತಳು. ಅದೇ ಸಂದಿಯಲ್ಲಿ ಗೆಳತಿ ಅಕ್ಕಿ ತುಂಬಿದ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಹೋಗಿಬಿಟ್ಟಳು. ಅವಳ ಹಿಂದೆ ಗಂಡನೂ ಹೋದ. ಹೊಸ್ತಿಲ ಹೊರಗೆ ನಾನು ಉಳಿದೆ.

ಗೆಳತಿಯ ಸೂಟ್‌ಕೇಸು ಹಿಡಿದು ಬಂದಿದ್ದ ಹುಡುಗನ ತಮ್ಮ ನನ್ನ ಹಿಂದೆಯೇ ನಿಂತಿದ್ದ. ಮದುವೆಯ ಎರಡೂ ದಿನ ಅವನು ಯಾರ ಜೊತೆಗೂ ಒಂದು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಕೆಂಪಗಾದ ಮುಖ ಹೊತ್ತು ನನ್ನನ್ನು ದಾಟಿ ಹೋಗಿ, ಅಣ್ಣನ ಕಿವಿಯಲ್ಲಿ ಏನೋ ಪಿಸುಗುಟ್ಟಿದ.

ಗೆಳತಿ ಒಳಗಿನಿಂದಲೇ ನನ್ನ ಕಡೆ ನೋಡಿ, ಗಂಟಲು ಮುಟ್ಟಿಕೊಂಡು, ಕೈಲಾಗದು ಎಂಬಂತೆ ತಲೆಯಾಡಿಸಿದಳು.

ಅವಳ ಗಂಡ ಗಂಟಲು ಸರಿಮಾಡಿಕೊಂಡ.

"ನಮ್ಮ ತಮ್ಮ ಅನ್ನಾಕತ್ತಾನ್ರಿ, ಒಡಪು ಅದ ಇರ್ಲಿ, ಹೆಸರಷ್ಟ ಬದಲ್ ಮಾಡಿ ಇನ್ನೊಮ್ಮೆ ಹೇಳ್ರಿ ಅಂತ."