ಗೊತ್ತಿದ್ದರೆ ಬೆರಳೆತ್ತು

ಹೆದರಿಕೊಳ್ಳುವುದಕ್ಕೆ ಏನಾದರೂ ಕಾರಣ ಬೇಕೆಂದು ನಮ್ಮ ಮನೆಯವರು ಹೇಳುತ್ತಾರೆ. ನನಗೆ ಹಾಗೇನೂ ಬೇಕಾಗುವುದಿಲ್ಲ. ಹಾಲು ಉಕ್ಕುವುದು ತಡವಾದರೆ ಒಡೆದೇ ಹೋಯಿತೆಂದು ಹೆದರುತ್ತೇನೆ. ಅವರು ತಾಲ್ಲೂಕು ಕಚೇರಿಯಿಂದ ತಡವಾಗಿ ಬಂದರೆ ಏನಾಯಿತೋ ಎಂದೂ, ಬೇಗ ಬಂದರೆ ಏನು ಮಾಡಿಕೊಂಡು ಬಂದರೋ ಎಂದೂ ಹೆದರುತ್ತೇನೆ. ಇಂಥವಳ ಕೈಗೆ ನಿಜವಾದ ಕಾರಣವನ್ನೇ ಕೊಟ್ಟುಬಿಟ್ಟರೆ ಗತಿಯೇನು? ಅರಕಲಗೂಡಿನಿಂದ ಹೊಳೇನರಸೀಪುರಕ್ಕೆ ಅವರಿಗೆ ವರ್ಗವಾದ ವರ್ಷ ಎರಡು ಕಾರಣಗಳು ಒಟ್ಟಿಗೆ ಸಿಕ್ಕವು. ಊರಿಗೆ ವಾಂತಿಭೇದಿ ಬಂತು. ಅದರ ಹಿಂದೆಯೇ ಶಾಲೆ ಮುಚ್ಚಿತು.

ನಮ್ಮ ರತ್ನಿಯನ್ನು ಆಗಷ್ಟೇ ಹೊಸ ಶಾಲೆಗೆ ಸೇರಿಸಿದ್ದೆವು. ಅವಳ ವಯಸ್ಸಿನವರೆಲ್ಲ ಎರಡನೇ ತರಗತಿಯಲ್ಲಿದ್ದರು. ಮೇಷ್ಟ್ರು ಮಾತ್ರ ಅವಳನ್ನು ಒಂದನೇ ತರಗತಿಯ ಚಿಳ್ಳೆಗಳ ನಡುವೆ ಕೂರಿಸಿ, "ಬಾಯೇ ಬಿಡಾಕಿಲ್ವಲ್ಲ ಮಗ. ಇಲ್ಲೇ ಇರ್ಲಿ, ನಾನೇ ಒಂದಿನ ಕೇಳಿ ನೋಡ್ತೀನಿ. ಯೋಳುದ್ರೆ ಮುಂದಕ್ ಆಕಾನ" ಎಂದಿದ್ದರು. ಕೇಳಿ ನೋಡುವ ಮೊದಲೇ ಶಾಲೆಗೆ ಬೀಗ ಬಿತ್ತು. ಮತ್ತೆ ತೆರೆದ ದಿನವೇ ಪರೀಕ್ಷೆ ಎಂದು ನಾನು ನಿಶ್ಚಯಿಸಿಕೊಂಡೆ. ಅಂದಿನಿಂದ ನೀರು ಕುದಿಸುವುದು, ಮಗಳಿಗೆ ಪಾಠ ಹೇಳುವುದು, ಇವೆರಡೇ ನನ್ನ ಕೆಲಸವಾಯಿತು. ಕುದಿಸಿದ ನೀರನ್ನು ಸೋಸಿ ಮತ್ತೆ ಕುದಿಸುತ್ತಿದ್ದೆ. ಕಲಿಸಿದ ಪಾಠವನ್ನೂ ಹಾಗೆಯೇ.

ಕಲಿಸುವುದೆಂದರೆ ನನಗೆ ತಿಳಿದದ್ದು ನಾನು ಓದಿದ ಕಾನ್ವೆಂಟಿನ ರೀತಿ ಒಂದೇ. ನಮ್ಮ ಸಿಸ್ಟರಿಗೆ ಗಲಾಟೆ ಕಂಡರಾಗುತ್ತಿರಲಿಲ್ಲ. ಸೂಜಿ ಬಿದ್ದರೂ ಸೂಜಿಯನ್ನೇ ಗದರಿಸುವಂಥವರು. ಉತ್ತರ ಗೊತ್ತಿದ್ದವರು ಒಂದು ಬೆರಳೆತ್ತಬೇಕು, ಸಂದೇಹವಿದ್ದವರು ಎರಡು ಬೆರಳೆತ್ತಬೇಕು, ಹೆಸರು ಹಿಡಿದು ಕರೆಯುವ ತನಕ ತುಟಿ ಬಿಚ್ಚುವಂತಿಲ್ಲ. ನಡುಮನೆಯ ಚಾಪೆಯ ಮೇಲೆ ರತ್ನಿಗೂ ಅದೇ ಕಟ್ಟುನಿಟ್ಟು. ಇದ್ದದ್ದು ಅವಳೊಬ್ಬಳೇ. ಆದರೂ ಬೆರಳೆತ್ತುತ್ತಿದ್ದಳು, ನಾನು ಇಡೀ ತರಗತಿಯನ್ನು ನೋಡಿದವಳ ಹಾಗೆ ಆಚೆ ಈಚೆ ಕಣ್ಣಾಡಿಸಿ "ನಾಗರತ್ನ" ಎನ್ನುತ್ತಿದ್ದೆ.

ಹಳೇಕೋಟೆಯಿಂದ ಬಂದಿದ್ದ ನಮ್ಮತ್ತೆ ಸೊಪ್ಪು ಬಿಡಿಸುತ್ತಾ ಇದನ್ನೆಲ್ಲ ನೋಡುತ್ತಿದ್ದರು. "ಇದ್ಯಾವ್ ಸೀಮೆ ಪಾಠನವ್ವ? ಮಗ್ಗಿ ಅನ್ನಾದು ಬೀದಿ ಕೊನೇಗಂಟ ಕೇಳುಸ್ಬೇಕು. ನೀನು ಮಗೀನ ಬಾಯ್ಗೇ ಒಲಿಗೆ ಆಕ್ಬುಟ್ಯಲ್ಲ!" ಎಂದರು.

"ಶಿಸ್ತು ಅತ್ತೆ" ಎಂದೆ.

"ಶಿಸ್ತು ಅಂಗೇ ಇರ್ಲಿ, ಮದ್ಲು ಸದ್ದು ಬರ್ಲಿ."

ಕೊನೆಗೂ ಶಾಲೆ ತೆರೆಯಿತು. ಏಳರ ಮಗ್ಗಿ, ಕೂಡುವುದು, ಕಳೆಯುವುದು ಎಲ್ಲವೂ ರತ್ನಿಗೆ ಬಾಯಿಪಾಠ. ಅವಳು ಹೋದಮೇಲೆ ನನಗೆ ಊಟ ಸೇರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಹಾಕಿದೆ. ಸಾಯಂಕಾಲ ಅವಳು ಬಂದು ಸರಸರನೆ ಅಡುಗೆಮನೆಗೆ ನುಗ್ಗಿದಳು. ಏನಾಯಿತೆಂದು ಕೇಳುವಷ್ಟರಲ್ಲಿ ಬೀದಿಯಿಂದ "ಅಮ್ಮಾವ್ರೇ" ಎಂಬ ಕೂಗು ಕೇಳಿಸಿತು. ಮೇಷ್ಟ್ರು! ಜಗಲಿ ಹತ್ತದೆ, ಛತ್ರಿ ಊರಿಕೊಂಡು, ಚರಂಡಿಯಾಚೆಯೇ ನಿಂತಿದ್ದರು.

"ಬನ್ನಿ, ಕಾಫಿ ತರ್ತೀನಿ" ಎಂದೆ.

"ಬ್ಯಾಡಿ ಬ್ಯಾಡಿ, ನಿಮ್ಮನೇಲಿ ಏನೂ ಬ್ಯಾಡಿ. ಮಗ ಎಂಗವ್ಳೆ?"

"ಯಾಕೆ, ಏನಾಯ್ತು?"

"ಬೆಳಗಿಂದ ಎಷ್ಟ್ ಸಲ ಈಚೆಗೋಗವ್ಳೆ ಅಂತೀರಿ! ಮಗ್ಗಿ ಕೇಳೋದ್ರೊಳ್ಗೆ ಒಂದಕ್ಕೆ. ಲೆಕ್ಕ ಕೇಳೋದ್ರೊಳ್ಗೆ ಒಂದಕ್ಕೆ. ಮದ್ಯಾನದ್ ಮ್ಯಾಲೆ ಎರಡಕ್ಕೂ ಸುರುವಾಯ್ತು. ನನ್ ಎದೆ ಒಡೆದೋಯ್ತು. ಎಲ್ತ್ ಇನ್ಸ್‌ಪೆಕ್ಟರ್‌ಗೆ ತಿಳಿಸ್ಬೇಕಾಯ್ತದೆ, ಶಾಲೆ ತಿರ್ಗ ಮುಚ್ಚುಸ್ತಾರೆ. ಎರಡ್ನೇ ಕ್ಲಾಸಿನ್ ಮಾತು ಆಮ್ಯಾಕೆ, ಮದ್ಲು ಮಗ ಉಳೀಲಿ."

ಒಳಗೆ ಓಡಿದೆ. ರತ್ನಿ ಅವಲಕ್ಕಿ ಬೆಲ್ಲ ಮುಗಿಸಿ ತಟ್ಟೆ ನೆಕ್ಕುತ್ತಿದ್ದಳು. ಹಣೆ ಮುಟ್ಟಿದೆ, ನಾಲಿಗೆ ನೋಡಿದೆ, ಹೊಟ್ಟೆ ಒತ್ತಿದೆ. ಕಚಗುಳಿಯಾಗಿ ನಕ್ಕಳು.

"ಹೊಟ್ಟೆನೋವಾ ಪುಟ್ಟಿ? ಯಾಕೆ ಅಷ್ಟು ಸಲ ಆಚೆ ಹೋದೆ?"

"ಮೇಷ್ಟ್ರೇ ಕಳಿಸಿದ್ರು. ಮಗ್ಗಿ ಯಾರಿಗ್ ಬತ್ತದೆ ಅಂದ್ರು, ನಂಗೆ ಗೊತ್ತಿತ್ತು, ಬೆರಳೆತ್ತಿದೆ. ಓಗ್ಬಾ ಅಂದ್ರು. ಹೊಂಗೆ ಮರ ಸುತ್ಕೊಂಡು ಬಂದೆ. ಲೆಕ್ಕ ಕೇಳಿದ್ರು, ಅದೂ ಗೊತ್ತಿತ್ತು. ಮತ್ತೆ ಓಗ್ಬಾ ಅಂದ್ರು."

"ಎರಡು ಬೆರಳು ಯಾಕೆ ಎತ್ತಿದೆ?"

"ಗೊತ್ತಿದ್ರೂ ಯಾಕೆ ಆಚೆ ಕಳಿಸ್ತಾರೆ ಅಂತ ಸಂದೇಹ ಬಂತು."

ಕಾನ್ವೆಂಟಿನಲ್ಲಿ ನಾವು ಹೊರಗೆ ಹೋಗಬೇಕಾದರೆ ಎದ್ದು ನಿಂತು ಇಂಗ್ಲಿಷಿನಲ್ಲಿ ಅಪ್ಪಣೆ ಕೇಳುತ್ತಿದ್ದೆವು. ಅರಕಲಗೂಡಿನ ಶಾಲೆಯಲ್ಲಿ ಮಕ್ಕಳು "ಓಗ್ಬತ್ತೀನಿ ಸಾ" ಎಂದು ಕೂಗಿ ಓಡುತ್ತಿದ್ದರು. ಇಲ್ಲಿ ಅದಕ್ಕೂ ಬೆರಳೇ ಎಂದು ಯಾರು ಕಂಡಿದ್ದರು? ಇಡೀ ತರಗತಿಯಲ್ಲಿ ಎಲ್ಲ ಉತ್ತರವೂ ಗೊತ್ತಿದ್ದ ಒಂದೇ ಮಗು ದಿನವಿಡೀ ಹೊಂಗೆ ಮರ ಸುತ್ತಿ ಬಂದಿತ್ತು.

ನಿಜ ಹೇಳಿಬಿಡಬೇಕೆಂದು ಬಾಗಿಲಿಗೆ ಧಾವಿಸಿದೆ. ಅಷ್ಟರಲ್ಲಿ ಅತ್ತೆ ಜಗಲಿಗೆ ಬಂದು, ಓಮದ ಕಷಾಯ ಒಳ್ಳೆಯದೋ ಜಾಯಿಕಾಯಿ ತೇದು ನೆಕ್ಕಿಸುವುದು ಒಳ್ಳೆಯದೋ ಎಂದು ಮೇಷ್ಟ್ರೊಡನೆ ವಾದಕ್ಕಿಳಿದಿದ್ದರು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವುದು ಹೇಗೆ? ಹೊಸ್ತಿಲಲ್ಲಿ ನಿಂತು ತಡಬಡಿಸಿದೆ. ಉತ್ತರವೇನೋ ಗೊತ್ತಿತ್ತು. ಯಾವಾಗ ಮೇಲೆದ್ದಿತೋ ಕಾಣೆ, ನನ್ನ ಬೆರಳು ನೆಟ್ಟಗೆ ಮೇಲಿತ್ತು.

ಮೇಷ್ಟ್ರ ಛತ್ರಿ ಚರಂಡಿಗೆ ಬಿತ್ತು. "ಅಯ್ಯಯ್ಯೋ, ಅಮ್ಮಾವ್ರಿಗೂ ಬಂದ್ಬುಡ್ತಾ! ಓಗ್ಬನ್ನಿ ತಾಯಿ, ಓಗ್ಬನ್ನಿ, ನಾನ್ ಕಾಯ್ತೀನಿ!"

ಆಮೇಲೆ ನಾನು ವಿವರಿಸಿದ್ದನ್ನು ಕೇಳಿ ಮೊದಲು ನಕ್ಕವರು ಅತ್ತೆ. ಜಗಲಿಯ ಕಂಬ ಹಿಡಿದುಕೊಂಡು ನಕ್ಕರು. ರತ್ನಿಯನ್ನು ಎಳೆದು ತಂದು ಮೇಷ್ಟ್ರ ಮುಂದೆ ನಿಲ್ಲಿಸಿ, "ಬೆರಳು ಮಡ್ಚ್ಕ, ಬಾಯ್ಬುಡು" ಎಂದರು. ರತ್ನಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಏಳರ ಮಗ್ಗಿ ಒಮ್ಮೆಲೇ ಹೊರಬಿತ್ತು. ಎದುರುಮನೆಯವರು ಗಾಬರಿಯಿಂದ ಕದ ತೆರೆದು ನೋಡಿದರು. ಮೇಷ್ಟ್ರು ಜಗಲಿ ಹತ್ತಿ ಕೂತರು. "ನಾಳಿಂದ ಎರಡ್ನೇ ಕ್ಲಾಸಲ್ಲಿ ಕೂತ್ಕಳವ್ವ" ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿ ಕಾಫಿಗೆ ಸಕ್ಕರೆ ಸ್ವಲ್ಪ ಮುಂದಾಗಿರಲಿ ಎಂದರು.

ರತ್ನಿ ಆ ಅಭ್ಯಾಸವನ್ನು ಒಂದೇ ದಿನದಲ್ಲಿ ಬಿಟ್ಟಳು. ನನ್ನಿಂದ ಆಗಲಿಲ್ಲ. ಊಟದ ಹೊತ್ತಿನಲ್ಲಿ ಅತ್ತೆಯೂ ನಮ್ಮ ಮನೆಯವರೂ ಮಾತಾಡುತ್ತಿರುವಾಗ ನನಗೂ ಒಂದು ಮಾತು ಹೇಳಬೇಕೆನಿಸುತ್ತದೆ. ಬೆರಳು ತಾನಾಗಿ ಏಳುತ್ತದೆ. ಅತ್ತೆ ಮುದ್ದೆಯಿಂದ ಕಣ್ಣೆತ್ತುವುದೂ ಇಲ್ಲ. "ಓಗ್ಬಾರವ್ವ" ಎನ್ನುತ್ತಾರೆ, "ನಾವ್ ಕಾಯ್ತೀವಿ."