ನಾಮಕರಣ ಸಮಿತಿಯ ಹನ್ನೆರಡನೇ ಸಭೆಗೆ ಮುನ್ನ

ಸದಸ್ಯರೆಲ್ಲ ಅರವತ್ತು ದಾಟಿದ್ದರೂ ಹೆಸರು ಬದಲಿಸದ ನಮ್ಮ ಕೊಲ್ಕತ್ತಾ ಓಣಿಯ ತರುಣ ಸಂಘದ ಕಾರ್ಯದರ್ಶಿಗಳೂ ಪರಮ ಮಾನ್ಯರೂ ಆದ ನೀಲಾದ್ರಿ ಶಿಕ್ದಾರ್ ಬಾಬು ಅವರಿಗೆ ಇಂದ್ರಾಣಿ ಭೌಮಿಕ್ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ, ನನ್ನ ಸೋದರತ್ತೆ, ಓಣಿಗೆಲ್ಲ ಪಿಶಿ, ಗಡಿಯಾಚೆಯ ಪೂರ್ವ ಬಂಗಾಳದ ಬರಿಶಾಲಿನಿಂದ ತಂದ ಅಡುಗೆಗಳನ್ನು ಆಕೆಯ ಬಾಯಿಂದಲೇ ಕೇಳಿ ಬ್ಲಾಗಿನಲ್ಲಿ ಬರೆದಿಡಲು ಕಳೆದ ದುರ್ಗಾಪೂಜೆಯ ಹೊತ್ತಿಗೆ ಹೊರಟ ನಾನು, ಅದಕ್ಕೊಂದು ಹೆಸರು, ಕೆಳಗೊಂದು ಅಡಿಬರಹ ಸೂಚಿಸಿ ಎಂದು ತಮ್ಮನ್ನು ಕೇಳಿದೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ತಾವು ತಕ್ಷಣ ನಾಮಕರಣ ಸಮಿತಿ ರಚಿಸಿದಿರಿ. "ಹೆಸರಲ್ಲಿ ನದಿ ಇರ್ಬೇಕಮ್ಮ, ನದಿ ಇಲ್ದೆ ಬರಿಶಾಲ್ ಅಂದ್ರೆ ಯಾರು ನಂಬ್ತಾರೆ" ಎಂದು ತಾವು ಅಪ್ಪಣೆ ಕೊಡಿಸಿದ ಮೇಲೆ, ಯಾವ ನದಿ ಎಂಬುದಕ್ಕೇ ಚಳಿಗಾಲ ಕಳೆಯಿತು. ಅಷ್ಟರಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಧೂರ್ಜಟಿ ಬಾಬು ಎದ್ದು, "ನಾವು ಈ ಕಡೆ ಬಂಗಾಳದವರು, ತೊವ್ವೆಗೂ ಸಕ್ಕರೆ ಹಾಕೋರು. ಅಡಿಬರಹದಲ್ಲಿ ನಮಗೇನೂ ಜಾಗ ಇಲ್ವೋ" ಎಂದರು. ಅದಕ್ಕೊಂದು ಉಪಸಮಿತಿ ಹುಟ್ಟಿತು. ಎರಡೂ ಬಂಗಾಳ ಒಪ್ಪುವ ನಾಲ್ಕು ಪದ ಹುಡುಕುವುದು ದೇಶ ಒಡೆದ ದೊಡ್ಡವರೇ ಕೈಬಿಟ್ಟ ಕೆಲಸ. ತಾವದನ್ನು ನಮ್ಮ ಮನೆಯ ಆಲೂ ಚಾಪ್ ತಿನ್ನುತ್ತ ಕೈಗೆತ್ತಿಕೊಂಡಿರಿ, ತಮ್ಮ ಧೈರ್ಯ ದೊಡ್ಡದು. ಹನ್ನೊಂದು ಸಭೆಗಳ ನಂತರ ಅಡಿಬರಹ ಒಂಬತ್ತು ಸಾಲಿಗೆ ಬೆಳೆದಿದೆ, ಹೆಸರು ಇನ್ನೂ ಪರಿಶೀಲನೆಯಲ್ಲಿದೆ, ಅಡುಗೆ ಒಂದೂ ಇಲ್ಲ. ಹೆಸರಿಡದೆ ಬರೆದರೆ ಓಣಿಯ ಮಾನ ಹೋಗುತ್ತದೆಂದು ತಾವು ಹೇಳಿದ್ದನ್ನು ನಂಬಿ ಕಾದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಪೂಜೆಯ ಹೊತ್ತಿಗೆ ಪಿಶಿ ಮೂವತ್ತು ಬಗೆಯ ಮೀನಡುಗೆ ಹೇಳುತ್ತಿದ್ದಳು. ಈಗ ವೈದ್ಯರು ಮರೆವಿನ ಕಾಯಿಲೆ ಎನ್ನುತ್ತಾರೆ. ಮೊನ್ನೆ ಸಾಸಿವೆ ಡಬ್ಬಿ ಹಿಡಿದುಕೊಂಡು ಇದೇನೆಂದು ನನ್ನನ್ನೇ ಕೇಳಿದಳು. ನನಗೆ ಅಳು ಬಂತು, ಆಮೇಲೆ ತಮ್ಮ ಮೇಲೆ ಸಿಟ್ಟು ಬಂತು. ಆದ್ದರಿಂದ ಘನ ಸಮಿತಿಯು ಸರ್ವಾನುಮತದ ನಿರ್ಣಯ ಪಾಸು ಮಾಡಿ, ಹೆಸರು ಅಂತಿಮವಾಗುವವರೆಗೆ ಪಿಶಿ ಇನ್ನೇನನ್ನೂ ಮರೆಯಕೂಡದೆಂದು ಆಕೆಗೆ ನೋಟೀಸು ಜಾರಿಮಾಡಬೇಕಾಗಿ ಬೇಡುತ್ತೇನೆ.

ವಿಶ್ವಾಸ ಎಳ್ಳಷ್ಟೂ ಉಳಿಯದಿದ್ದರೂ ಪದ್ಧತಿ ಮೀರಲಾರದ
ತಮ್ಮ ವಿಶ್ವಾಸಿ,
ಇಂದ್ರಾಣಿ ಭೌಮಿಕ್

ಮತ್ತೊಂದು ಮಾತು: ಇಂದು ಬೆಳಿಗ್ಗೆ ಹೆಸರಿಲ್ಲದೆಯೇ ಮೊದಲ ಅಡುಗೆಯನ್ನು ಬ್ಲಾಗಿಗೆ ಹಾಕಿಬಿಟ್ಟೆ, ಕೆಸುವಿನ ದಂಟಿನ ಜೊತೆ ಇಲಿಶ್ ಮೀನಿನ ತಲೆ. ಅಡಿಬರಹಕ್ಕೆ, ಆ ಅಡುಗೆ ಹೇಳಿ ಮುಗಿಸುವಾಗ ಪಿಶಿ ಕೊನೆಯಲ್ಲಿ ಹೇಳಿದ್ದನ್ನೇ ಇಟ್ಟಿದ್ದೇನೆ: "ಇನ್ನೇನೋ ಒಂದು ಹಾಕ್ತಿದ್ವಿ ಕಣೇ." ಅದೇನೆಂದು ತಮ್ಮ ಸಮಿತಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಮಾತ್ರ ತಿದ್ದುಪಡಿ ಕಳಿಸಿ.